ಗಂಗಾವತಿಯಾಗ ಕುಂತು ಒಂದು ಸಬ್‌ಮರೀನಿನ ಸರ್ವಿಸ್ ಹಿಸ್ಟರಿ ಬರೆಯೋದು ಹೆಂಗ

ಮೊದ್ಲ ಹೇಳಿಬಿಡ್ತೀನಿ, ನಾ ನೇವಿಯವ ಅಲ್ಲ. ಗಂಗಾವತಿಯಾಗ ಒಂದು ರೈಸ್ ಮಿಲ್ಲಿನ್ಯಾಗ ಲೆಕ್ಕ ಬರೆಯೋ ಕೆಲಸ ನಂದು, ಸಮುದ್ರ ನೋಡಿದ್ದು ಜೀವಮಾನದಾಗ ಎರಡ ಸಲ. ಆದ್ರ ನಮ್ಮ ಕಾಕಾ ನೇವಿಯಾಗಿದ್ರು, ಅದೂ ಸಬ್‌ಮರೀನಿನ್ಯಾಗ, ಬ್ಯಾಟರಿ ನೋಡ್ಕೊಳ್ಳೋ ಕೆಲಸ. ಅವರು ಕೆಲವು ವರ್ಷ ಇದ್ದ ಬೋಟು ಐಎನ್‌ಎಸ್ ಕುರ್ಸುರಾ, ಈಗ ವೈಜಾಗಿನ ಬೀಚಿನ ಮ್ಯಾಲೆ ಮ್ಯೂಸಿಯಂ ಆಗಿ ನಿಂತೈತಿ. ಅದರ ಹಿಸ್ಟರಿ ಪೂರ್ತಿ ಒಂದು ಕಡೆ ಕನ್ನಡದಾಗ ಬರೆದಿಡೋಣ ಅಂತ ಶುರು ಮಾಡಿದೆ, ಒಂದು ವಾರದಾಗ ಮುಗೀತೈತಿ ಅನ್ಕೊಂಡಿದ್ದು ಎಂಟು ತಿಂಗಳು ಹಿಡೀತು. ಎಲ್ಲೆಲ್ಲಿ ಎಡವಿದೆ, ಏನು ಕಲ್ತೆ ಅಂತ ಬರೀತೀನಿ. ನಿಮ್ಮ ಮನ್ಯಾಗೂ ಯಾರರ ನೇವಿಯವರು ಇದ್ರ, ಅಥವಾ ಸುಮ್ನ ಸಬ್‌ಮರೀನ್ ಹುಚ್ಚು ಇದ್ರ, ಉಪಯೋಗ ಆದೀತು.

ಮೊದ್ಲ ಕೆಲಸ, ನೀವು ಬರೆಯೋ ಬೋಟು ಯಾವುದು ಅಂತ ಖಾತ್ರಿ ಮಾಡ್ಕೋರಿ. ನಗಬ್ಯಾಡ್ರಿ, ನಾ ಬಿದ್ದದ್ದ ಇಲ್ಲಿ.

ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗಗ ಇಡ್ತಾರಲ್ಲ, ನೇವಿಯಾಗೂ ಹಂಗ. ಹಳೇ ಬೋಟು ರಿಟೈರ್ ಆದಮ್ಯಾಲೆ ಅದರ ಹೆಸರು ಹೊಸದಕ್ಕ ಇಡ್ತಾರ. ನಮ್ಮ ದೇಶದ ಮೊದಲನೇ ಸಬ್‌ಮರೀನ್ ಐಎನ್‌ಎಸ್ ಕಲ್ವರಿ, 1967 ಡಿಸೆಂಬರ್ 8ಕ್ಕೆ ಅವಾಗಿನ ಸೋವಿಯತ್ತಿನ ರೀಗಾದಾಗ ಕಮಿಷನ್ ಆತು, ಅಂದ್ರ ನೇವಿ ಸೇವೆಗೆ ಸೇರ್ತು, ಅದಕ್ಕ ಈಗೂ ಡಿಸೆಂಬರ್ 8 ಸಬ್‌ಮರೀನ್ ಡೇ. ಅದು 1996ರಾಗ ರಿಟೈರ್ ಆತು. 2017 ಡಿಸೆಂಬರ್ 14ಕ್ಕೆ ಮತ್ತೊಂದು ಕಲ್ವರಿ ಬಂತು, ಇದು ಫ್ರೆಂಚ್ ಡಿಸೈನಿನ ಸ್ಕಾರ್ಪೀನ್, ಮುಂಬೈದಾಗ ಕಟ್ಟಿದ್ದು. ಕರಂಜ್ ಎರಡು, ವೇಲಾ ಎರಡು, ವಾಗೀರ್ ಎರಡು, ವಾಗ್‌ಶೀರ್ ಎರಡು. ಹೆಸರು ಒಂದ ಆದ್ರ ನಂಬರ್ ನೋಡಿ ಹಿಡೀಬಹುದು ಅಂತೀರಿ, ಅಲ್ಲೇ ಮಜಾ ಇರೋದು. ಹಳೇ ಕಲ್ವರಿ ಎಸ್23, ಹೊಸ ಕಲ್ವರಿ ಎಸ್21. ಹಳೇ ಕರಂಜ್ ಎಸ್21, ಹೊಸ ಕರಂಜ್ ಎಸ್23. ಅದಲು ಬದಲು. ನಡುವ ಖಂದೇರಿ ಐತಿ ನೋಡ್ರಿ, 1968ರದ್ದೂ ಎಸ್22, 2019ರದ್ದೂ ಎಸ್22. ಹೆಸರೂ ಅದ, ನಂಬರೂ ಅದ!

ಒಂದು ಸಾಲಿ ವಾರ್ಷಿಕ ಸಂಚಿಕೆಗೆ ನಾ ಒಂದು ಸಣ್ಣ ಲೇಖನ ಕೊಟ್ಟಿದ್ದೆ, 1971ರ ಯುದ್ಧದ ಕಾಲದ ಬೋಟುಗಳ ಬಗ್ಗೆ. ಜೊತಿಗೆ ಫೋಟೋ ಬೇಕಂದ್ರು, ಇಂಟರ್‌ನೆಟ್‌ನ್ಯಾಗ ಖಂದೇರಿ ಅಂತ ಹುಡುಕಿದೆ, ಎಸ್22 ಅಂತ ನಂಬರ್ ತಾಳೆ ನೋಡಿದೆ, ಕೊಟ್ಟೆ. ಅಚ್ಚಾಗಿ ಬಂದದ್ದು 2019ರ ಬೋಟು. ಕಾಕಾಗ ತೋರಿಸಿದ್ರ ಕನ್ನಡಕ ಏರಿಸಿ ನೋಡಿ, "ತಮ್ಮಾ, ಇದು ನನ್ನ ಅಳಿಯನ ಫೋಟೋ, ನಂದಲ್ಲ" ಅಂದ್ರು. ಹಂಗಾಗಿ ಮೊದಲ ಸಾಲಿನ್ಯಾಗ ಹೆಸರು, ನಂಬರ್, ಕ್ಲಾಸು (ಒಂದ ಡಿಸೈನಿನ ಬೋಟುಗಳ ಗುಂಪು), ಕಮಿಷನ್ ಆದ ವರ್ಷ ನಾಲ್ಕೂ ಬರ್ಕೋರಿ. ನಾಲ್ಕೂ ಕೂಡಿದ್ರ ಮಾತ್ರ ಅದು ನಿಮ್ಮ ಬೋಟು. ಐಎನ್‌ಎಸ್ ಚಕ್ರ ಅಂತೂ ಇನ್ನೂ ಬ್ಯಾರೆ, ಎರಡು ಸಲ, ಮೊದ್ಲ ಸೋವಿಯತ್ತಿನವರ ಕಡಿಂದ ಆಮೇಲೆ ರಷ್ಯಾದವರ ಕಡಿಂದ, ಲೀಸ್ ಮ್ಯಾಲೆ ತಂದದ್ದು. ಮೊದಲನೇದು 1988ರಿಂದ 1991, ಅದರ ಮೂಲ ನಂಬರ್ ಕೆ-43, ಎರಡನೇದು 2012ರಾಗ ಬಂದದ್ದು, ಅದರ ಮೂಲ ಹೆಸರು ನೆರ್ಪಾ. ಲೀಸಿನ ಬೋಟಿಗೆ ಎರಡು ದೇಶದ ಹಿಸ್ಟರಿ ಇರ್ತೈತಿ, ನೆರ್ಪಾ ನಮ್ಮ ಕೈಗೆ ಬರೋಕ್ಕಿಂತ ಮೊದ್ಲ, 2008 ನವೆಂಬರಿನ್ಯಾಗ ಟ್ರಯಲ್ ಹೊತ್ತಿಗೆ ಬೆಂಕಿ ಆರಿಸೋ ಗ್ಯಾಸ್ ಬಿಟ್ಟು 20 ಜನ ತೀರಿಕೊಂಡಿದ್ರು. "ನಮ್ಮದಾದಮ್ಯಾಲಿಂದ ಬರೀತೀನಿ" ಅಂದ್ರ ಅದು ತಪ್ಪಿಹೋಗ್ತೈತಿ.

ಇನ್ನ ತಾರೀಖುಗಳು. ಒಂದು ಬೋಟಿಗೆ ಕಮ್ಮಿ ಅಂದ್ರ ನಾಲ್ಕು ತಾರೀಖು ಬೇಕು. ಕೀಲ್ (ಬೋಟಿನ ತಳದ ಬೆನ್ನೆಲುಬು) ಹಾಕಿದ್ದು, ನೀರಿಗೆ ಬಿಟ್ಟದ್ದು, ಕಮಿಷನ್ ಆಗಿದ್ದು, ಡಿಕಮಿಷನ್ (ರಿಟೈರ್) ಆಗಿದ್ದು. ಇದರಾಗ ನಡುವಿನ ಎರಡನ್ನ ಜನ ಭಾಳ ಕಲಸ್ತಾರ. ನೀರಿಗೆ ಬಿಟ್ಟದ್ದು ಅಂದ್ರ ಕೂಸು ಹುಟ್ಟಿದಂಗ, ಕಮಿಷನ್ ಅಂದ್ರ ಸಾಲಿಗೆ ಹಾಕಿದಂಗ. ನಮ್ಮ ಕಡೆ ಹಳೇ ಮಂದಿಯಾಗ ಅರ್ಧ ಊರಿನ ಜನ್ಮದಿನ ಜೂನ್ 1 ಇರ್ತೈತಿ, ಯಾಕಂದ್ರ ಹೆಡ್ ಮಾಸ್ತರ್ರು ಸಾಲಿ ಶುರುವಾಗೋ ಹೊತ್ತಿಗೆ ಅದನ್ನ ಬರ್ಕೊಂಡಿರ್ತಾರ. ಸಬ್‌ಮರೀನಿಗೂ ಇದ ರೋಗ. ಬ್ರಿಟನ್ನಿನ ಎಚ್‌ಎಂಎಸ್ ಕಾಂಕರರ್ ತಗೋರಿ, ಕೀಲ್ ಹಾಕಿದ್ದು 1967 ಡಿಸೆಂಬರ್, ನೀರಿಗೆ ಬಿಟ್ಟದ್ದು 1969 ಆಗಸ್ಟ್, ಕಮಿಷನ್ ಆಗಿದ್ದು 1971 ನವೆಂಬರ್. ನಡುವ ಎರಡು ವರ್ಷಕ್ಕಿಂತ ಜಾಸ್ತಿ ಅಂತರ. "1969ರ ಬೋಟು" ಅಂತ ಬರೆದ್ರ ಸರಿಯೋ ತಪ್ಪೋ ಅಂತ ಜಗಳ ಬೀಳ್ತೈತಿ. ಸರ್ವಿಸ್ ಲೆಕ್ಕ ಶುರುವಾಗೋದು ಕಮಿಷನ್ ದಿನದಿಂದ, ಅದನ್ನ ಹಿಡ್ಕೋರಿ. ನಮ್ಮ ಕುರ್ಸುರಾದ್ದು 1969 ಡಿಸೆಂಬರ್ 18ರಿಂದ 2001 ಫೆಬ್ರವರಿ 27ರ ತನಕ, ಮೂವತ್ತೊಂದು ವರ್ಷದ ಮ್ಯಾಲೆ ಎರಡು ತಿಂಗಳು.

ಊರಿನ ಹೆಸರೂ ಹಂಗ. ಕುರ್ಸುರಾ ಕಮಿಷನ್ ಆಗಿದ್ದು ರೀಗಾದಾಗ, ಅವಾಗ ಅದು ಸೋವಿಯತ್ ಯೂನಿಯನ್, ಈಗ ಲಾಟ್ವಿಯಾ ಅನ್ನೋ ಬ್ಯಾರೆ ದೇಶ. "ರಷ್ಯಾದ ರೀಗಾ" ಅಂತ ಬರೆದ್ರ ಆ ಕಡೆಯವರು ಸಿಟ್ಟಾಗ್ತಾರ. ಕಾಕಾನ ಸರ್ವಿಸ್ ಪೇಪರ್‌ನ್ಯಾಗ ಜಿಲ್ಲೆ ಅಂತ ಇರೋ ಕಡೆ ರಾಯಚೂರು ಅಂತ ಐತಿ, ಅವಾಗ ಕೊಪ್ಪಳ ಜಿಲ್ಲೆ ಎಲ್ಲಿತ್ತು. ಪೆನ್ಷನ್ ಕೆಲಸಕ್ಕ ಹೋದಾಗ ಒಂದು ಕಚೇರಿಯಾಗ "ನೀವು ರಾಯಚೂರಿಗೆ ಹೋಗ್ರಿ" ಅಂತ ಕಳಿಸಿಬಿಟ್ಟಿದ್ರಂತ, ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ. ಹಂಗಾಗಿ ಕಾಗದದಾಗ ಏನಿತ್ತೋ ಅದನ್ನ ಹಂಗ ಬರೀರಿ, ಬಾಜೂಕ ಈಗಿನ ಹೆಸರು ಹಾಕ್ರಿ. ಬಾಂಬೆ, ಲೆನಿನ್‌ಗ್ರಾಡ್ ಎಲ್ಲಾದಕ್ಕೂ ಇದ ಲೆಕ್ಕ.

ಈಗ ಮುಖ್ಯ ಕೆಲಸಕ್ಕ ಬರೋಣು. ಪ್ಯಾರಾ ಪ್ಯಾರಾ ಕಥಿ ಬರೆಯೋಕ ಕುಂದ್ರಬ್ಯಾಡ್ರಿ. ಕಿರ್ದಿ ಬರೀರಿ. ದಲಾಲಿ ಅಂಗಡಿಯಾಗ ದಿನದ ಕಿರ್ದಿ ಬರೀತಾರಲ್ಲ ಹಂಗ, ತಾರೀಖು, ಎಲ್ಲಿ, ಏನಾತು, ಯಾರು ಹೇಳಿದ್ದು, ನಾಲ್ಕು ಕಾಲಂ. ನಾ ಮಿಲ್ಲಿನ ಹಳೇ ಉದ್ದನ ಪುಸ್ತಕ ಒಂದು ತಗೊಂಡೆ, ಎಕ್ಸೆಲ್‌ನ್ಯಾಗ ಮಾಡಿದ್ರೂ ನಡೀತೈತಿ, ಆದ್ರ ಕಾಕಾನ ಮುಂದ ಲ್ಯಾಪ್‌ಟಾಪ್ ತೆಗೆದ್ರ ಅವರು ಮಾತು ನಿಲ್ಲಿಸ್ತಾರ, ಪುಸ್ತಕ ಪೆನ್ಸಿಲ್ ಹಿಡಿದ್ರ ಮಾತಾಡ್ತಾರ. ನಾಲ್ಕನೇ ಕಾಲಂ ಎಂದೂ ಖಾಲಿ ಬಿಡಬ್ಯಾಡ್ರಿ. "ಎಲ್ಲೋ ಓದಿದ್ದೆ" ಅಂದ್ರ ಎಂಟು ತಿಂಗಳಾದಮ್ಯಾಲೆ ಆ ಎಲ್ಲೋ ಎಲ್ಲಿ ಅಂತ ಹುಡುಕಿ ಸಾಯಬೇಕಾಗ್ತೈತಿ.

ಪ್ರತಿ ವರ್ಷಕ್ಕ ಒಂದು ಪುಟ ಬಿಡ್ರಿ. ಇದು ಬರೇ ನನ್ನ ಚಟ ಅಲ್ಲ, ಇದರಾಗ ಒಂದು ಗುಟ್ಟೈತಿ, ಮುಂದ ಹೇಳ್ತೀನಿ.

ಮೊದಲ ಪುಟ ಜಲ್ದಿ ತುಂಬ್ತಾವ. 1970 ಫೆಬ್ರವರಿ 20ಕ್ಕೆ ಕುರ್ಸುರಾ ರೀಗಾದಿಂದ ಭಾರತದ ಕಡೆ ಹೊಂಟ್ತು. ದಾರಿಯಾಗ ನಿಂತ ಬಂದರು ಸ್ವೀಡನ್ನಿನ ಗೋಥೆನ್‌ಬರ್ಗ್, ಸ್ಪೇನಿನ ಲಾ ಕೊರೂನಾ, ಘಾನಾದ ಟಕೋರಾಡಿ, ಆಮೇಲೆ ಮಾರಿಷಸ್. ಈ ಹೆಸರು ಸಿಕ್ಕಾಗ ನನಗ ತಲಿ ಕೆಟ್ಟಿತ್ತು, ಘಾನಾಕ್ಕ ಯಾಕ ಹೋದ್ರಪಾ ಇವರು? ಮಗಳ ಸಾಲಿ ಅಟ್ಲಾಸ್ ತೆಗೆದು ಬೆರಳು ಇಟ್ಟು ಹೋದೆ. ಯುರೋಪಿನಿಂದ ನಮ್ಮ ಕಡೆ ಬರೋಕ ಸೂಯೆಜ್ ಕಾಲುವಿ ಐತಲ್ಲ, ಹತ್ತಿರದ ದಾರಿ. ಆದ್ರ 1967ರ ಇಸ್ರೇಲ್-ಅರಬ್ ಯುದ್ಧದಾಗ ಸೂಯೆಜ್ ಬಂದ್ ಆಗಿ 1975ರ ತನಕ ತೆರೀಲೇ ಇಲ್ಲ. ಹಂಗಾಗಿ ಇಡೀ ಆಫ್ರಿಕಾ ಸುತ್ತಿ ಬರಬೇಕಾತು. ಹೊಸಪೇಟೆ ರಸ್ತಾ ಬಂದ್ ಆತು ಅಂತ ಕುಷ್ಟಗಿ ಮ್ಯಾಲೆ ಹೋದಂಗ, ಆದ್ರ ಎರಡು ತಿಂಗಳ ಸುತ್ತು. ಬಂದರಿನ ಹೆಸರು ಬರೇ ಹೆಸರಾಗಿ ಬರೀಬ್ಯಾಡ್ರಿ, ಅಟ್ಲಾಸ್‌ನ್ಯಾಗ ಬೆರಳು ಇಡ್ರಿ, ದಾರಿ ಸೊಟ್ಟ ಕಂಡ್ರ ಅಲ್ಲೊಂದು ಕಾರಣ ಇರ್ತೈತಿ.

1971ರ ಪುಟ ಎಲ್ಲಾರಿಗೂ ಪ್ರೀತಿ, ಅಲ್ಲೇ ಎಲ್ಲಾರೂ ಉಬ್ಬಿಸಿ ಬರೆಯೋದು. "ಯುದ್ಧದಾಗ ಭಾಗವಹಿಸಿ ಶತ್ರುಗಳ ಎದೆ ನಡುಗಿಸಿತು" ಅಂತ. ತಾರೀಖು ಹಾಕಿ ನೋಡ್ರಿ. ಕುರ್ಸುರಾ ಪ್ಯಾಟ್ರೋಲ್‌ಗೆ (ಗಸ್ತಿಗೆ) ಹೊಂಟಿದ್ದು ನವೆಂಬರ್ 13, ಅರಬ್ಬಿ ಸಮುದ್ರದಾಗ ತನಗ ಗೊತ್ತು ಮಾಡಿದ ಜಾಗ ಮುಟ್ಟಿದ್ದು 18, ಅಲ್ಲಿಂದ ಹೊರಳಿ ಕರಂಜ್ ಜೊತಿ ಭೇಟಿಯಾಗಿ ಬಾಂಬೆಕ್ಕ ವಾಪಸ್ ಬಂದದ್ದು ಡಿಸೆಂಬರ್ 4. ಪಾಕಿಸ್ತಾನದ ವಿಮಾನಗಳು ನಮ್ಮ ಏರ್‌ಫೀಲ್ಡ್ ಮ್ಯಾಲೆ ಬಾಂಬ್ ಹಾಕಿ ಯುದ್ಧ ಶುರುವಾಗಿದ್ದು ಡಿಸೆಂಬರ್ 3ರ ಸಂಜಿ. ಅಂದ್ರ ಯುದ್ಧ ಶುರುವಾದ ಮಾರನೇ ದಿನ ಈ ಬೋಟು ಬಂದರಿಗೆ ಬಂದಿತ್ತು, ಅವತ್ತು ರಾತ್ರಿನ ನಮ್ಮ ಮಿಸೈಲ್ ಬೋಟುಗಳು ಕರಾಚಿ ಹೊಡೆದವು, ಅದಕ್ಕ ಡಿಸೆಂಬರ್ 4 ನೇವಿ ಡೇ. ಕುರ್ಸುರಾ ಟಾರ್ಪಿಡೋ (ನೀರೊಳಗ ಓಡಿ ಹಡಗು ಹೊಡೆಯೋ ಅಸ್ತ್ರ) ಹೊಡೀಲಿಲ್ಲ. ಅದಕ್ಕ ಸಿಕ್ಕ ಹುಕುಂ ಭಾಳ ಬಿಗಿ ಇತ್ತು, ಪಕ್ಕಾ ಗುರುತು ಸಿಕ್ಕ ಯುದ್ಧ ಹಡಗಿಗೆ ಮಾತ್ರ ಹೊಡೀಬೇಕು, ವ್ಯಾಪಾರಿ ಹಡಗಿಗೆ ಹೊಡೀಬೇಕಂದ್ರ ಅದಕ್ಕ ಬ್ಯಾರೆ ಆರ್ಡರ್ ಬರಬೇಕು. ಮೂರು ವಾರ ಯಾರಿಗೂ ಕಾಣದಂಗ ನೀರಾಗ ಇದ್ದು, ಹೊಡೀದಂಗ ವಾಪಸ್ ಬರೋದು ಸಣ್ಣ ಕೆಲಸ ಅಲ್ಲ, ಆದ್ರ ಅದನ್ನ ಅಷ್ಟ ಬರೀರಿ. ನನ್ನ ಕಿರ್ದಿಯಾಗ ಮೊದ್ಲ "ಯುದ್ಧದಾಗ ಹೋರಾಡಿತು" ಅಂತಿತ್ತು, ಹೊಡೆದು ಹಾಕಿ "ಯುದ್ಧದ ಮುಂಚಿನ ಪ್ಯಾಟ್ರೋಲ್, ಡಿ. 4ಕ್ಕೆ ವಾಪಸ್" ಅಂತ ಬರೆದೆ. ಸಪ್ಪಗ ಕಾಣ್ತೈತಿ, ಆದ್ರ ತಾಳೆ ಬೀಳ್ತೈತಿ.

ಎರಡು ಕಡೆಯವರು ಎರಡು ಥರ ಹೇಳಿದ್ರ ಎರಡನ್ನೂ ಬರೀರಿ. ವೈಜಾಗ್ ಹತ್ತಿರ ಡಿಸೆಂಬರ್ 3-4ರ ನಡುವಿನ ರಾತ್ರಿ ಮುಳುಗಿದ ಪಾಕಿಸ್ತಾನದ ಸಬ್‌ಮರೀನ್ ಪಿಎನ್‌ಎಸ್ ಘಾಜಿ, ಅದು ಹಿಂದ ಅಮೆರಿಕದ ಯುಎಸ್‌ಎಸ್ ಡಯಾಬ್ಲೋ ಆಗಿತ್ತು. ನಮ್ಮವರ ಪ್ರಕಾರ ಐಎನ್‌ಎಸ್ ರಜಪೂತ್ ಹಡಗು ಹಾಕಿದ ಡೆಪ್ತ್ ಚಾರ್ಜ್ (ನೀರೊಳಗ ಸಿಡಿಯೋ ಬಾಂಬು), ಅವರ ಪ್ರಕಾರ ತಾನ ಹಾಕೋಕ ಹೋದ ಮೈನ್ ಸಿಡೀತು ಇಲ್ಲಾ ಒಳಗ ಸ್ಫೋಟ ಆತು. ನಾವು ಅವತ್ತು ಅಲ್ಲಿ ಇರಲಿಲ್ಲ, ಒಂದು ಕಡೆ ಜಗ್ಗಿ ತೀರ್ಪು ಕೊಡೋಕ ನಮಗೇನು ಅಧಿಕಾರ. ಹಂಗಂತ ಜಗಳ ಇಲ್ಲದ ಕಡೆ ಜಗಳ ಹಚ್ಚಬ್ಯಾಡ್ರಿ. ನಮ್ಮ ಐಎನ್‌ಎಸ್ ಖುಕ್ರಿಯನ್ನ ಡಿಸೆಂಬರ್ 9ಕ್ಕೆ ಪಾಕಿಸ್ತಾನದ ಸಬ್‌ಮರೀನ್ ಹಂಗೋರ್ ಮುಳುಗಿಸ್ತು, ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗಿನ ಜೊತಿನ ಹೋದರು, ಅವರನ್ನ ಹಿಡಿದು 18 ಆಫೀಸರು 176 ಸೇಲರು. ಇದನ್ನ ಎರಡೂ ಕಡೆಯವರು ಒಪ್ಪತಾರ, ನಮ್ಮ ನಷ್ಟ ಅಂತ ಸಣ್ಣ ಅಕ್ಷರದಾಗ ಬರೀಬ್ಯಾಡ್ರಿ.

ಹೊರದೇಶದ ಬೋಟಿನ ಹಿಸ್ಟರಿ ಬರೆಯೋದು ಸಲೀಸು ಅಂತ ನನಗನಿಸಿತ್ತು, ಅವರು ಎಲ್ಲಾ ಜೋಪಾನ ಮಾಡಿ ಇಟ್ಟಿರ್ತಾರ ಅಂತ. ಮ್ಯಾಲೆ ಹೇಳಿದ ಕಾಂಕರರ್, ಫಾಕ್‌ಲ್ಯಾಂಡ್ ಯುದ್ಧದಾಗ 1982 ಮೇ 2ಕ್ಕೆ ಅರ್ಜೆಂಟೈನಾದ ಜನರಲ್ ಬೆಲ್ಗ್ರಾನೋ ಹಡಗನ್ನ ಮುಳುಗಿಸ್ತು, 323 ಜನ ಹೋದರು, ಅಣುಶಕ್ತಿ ಸಬ್‌ಮರೀನೊಂದು ಯುದ್ಧದಾಗ ಹಡಗು ಹೊಡೆದದ್ದು ಅದ ಮೊದ್ಲು. ದೊಡ್ಡ ಗದ್ದಲ ಆತು, ಹಡಗು ಯಾವ ದಿಕ್ಕಿಗೆ ಹೊಂಟಿತ್ತು, ಹೊಡಿಯೋಕ ಬರ್ತಿತ್ತೋ ದೂರ ಹೊಂಟಿತ್ತೋ ಅಂತ. ದಿಕ್ಕು ತಿಳ್ಕೋಬೇಕಂದ್ರ ಕಂಟ್ರೋಲ್ ರೂಮಿನ ಲಾಗ್ ಬುಕ್ ನೋಡಬೇಕು, 1984ರಾಗ ನೋಡಿದ್ರ ಆ ದಿನಗಳ ಲಾಗ್ ಬುಕ್ಕೇ ಇಲ್ಲ! ಕಿರ್ದಿ ಪುಸ್ತಕನ ಮಾಯ. ನಮ್ಮ ಮಿಲ್ಲಿನ್ಯಾಗ ಹಂಗಾಗಿದ್ರ ನಾ ಇವತ್ತು ಈ ಕುರ್ಚಿಯಾಗ ಇರ್ತಿರಲಿಲ್ಲ.

ನಮ್ಮ ದೇಶದ ಕಾಗದಪತ್ರದ ಕಥಿ ಹೇಳ್ತೀನಿ. ನೇವಿಯವರು ತಾವ ಬರೆಸಿದ ಹಿಸ್ಟರಿ ಸಂಪುಟಗಳು ಅದಾವ, 1965ರಿಂದ 2000ದ ತನಕ ಬರ್ತಾವ, ಮೊದ್ಲ ಅದನ್ನ ಓದ್ರಿ. 2000ದ ಈಚೆದಕ್ಕ ಸರಕಾರದ ಪ್ರೆಸ್ ರಿಲೀಸು, ಹಳೇ ಪೇಪರು. ಆರ್‌ಟಿಐ ಹಾಕಬಹುದು, ಹತ್ತು ರೂಪಾಯಿ ಫೀ, 30 ದಿನದಾಗ ಉತ್ತರ ಬರಬೇಕು, ಆನ್‌ಲೈನ್ ಆಗ್ತೈತಿ. ಆದ್ರ ದೇಶದ ಭದ್ರತೆಗೆ ಸಂಬಂಧಪಟ್ಟದ್ದು ಕೊಡೋದಿಲ್ಲ ಅಂತ ಕಾಯ್ದೆಯ 8ನೇ ಸೆಕ್ಷನ್‌ನ್ಯಾಗ ಐತಿ, ನನ್ನ ಮೊದಲ ಅರ್ಜಿಗೆ ಬಂದ ಉತ್ತರ ಅದ, ಎರಡು ಸಾಲು. ತಪ್ಪು ನಂದೂ ಇತ್ತು, "ಎಲ್ಲಾ ಪ್ಯಾಟ್ರೋಲ್ ಮಾಹಿತಿ ಕೊಡ್ರಿ" ಅಂತ ಕೇಳಿದ್ದೆ, ಯಾವ ದೇಶದವರು ಕೊಡ್ತಾರ. ಒಂದ ತಾರೀಖು, ಒಂದ ಪ್ರಶ್ನೆ ಹಂಗ ಕೇಳ್ರಿ. 2021 ಜೂನ್‌ನ್ಯಾಗ ರಕ್ಷಣಾ ಇಲಾಖೆ ಹೊಸ ಪಾಲಿಸಿ ತಂತು, ದಾಖಲೆಗಳನ್ನ ಸಾಮಾನ್ಯವಾಗಿ 25 ವರ್ಷದಾಗ ಬಿಡುಗಡೆ ಮಾಡಬೇಕಂತ. ನಿಮ್ಮ ಬೋಟು ಹಳೇದಿದ್ರ ಆ ಪಾಲಿಸಿ ಹೆಸರು ಹಾಕಿ ಕೇಳ್ರಿ. ಸೇಲರ್ ಒಬ್ಬರ ಸ್ವಂತ ಸರ್ವಿಸ್ ದಾಖಲೆ ಇರೋದು ಮುಂಬೈದ ಬ್ಯೂರೋ ಆಫ್ ಸೈಲರ್ಸ್‌ನ್ಯಾಗ, ಅದನ್ನ ಅವರ ಕೇಳಬೇಕು, ನಾವು ಕೇಳಿದ್ರ ಆಗೋದಿಲ್ಲ.

ಈಗ ಆ ಗುಟ್ಟು.

ಪ್ರತಿ ವರ್ಷಕ್ಕ ಒಂದು ಪುಟ ಬಿಡ್ರಿ ಅಂದೆನಲ್ಲ. ನನ್ನ ಪುಸ್ತಕದಾಗ 1975ರಿಂದ 1980ರ ತನಕ ಪುಟಗಳು ಖಾಲಿ. ಎಲ್ಲೂ ಏನೂ ಸಿಗವಲ್ದು. ಬರೆಯೋರು ಸಾಮಾನ್ಯ ಏನು ಮಾಡ್ತಾರ, "1970ರ ದಶಕದಾಗ ಹಲವು ಕಾರ್ಯಾಚರಣೆಗಳಲ್ಲಿ ಪಾಲ್ಗೊಂಡು" ಅಂತ ಒಂದು ಸಾಲು ಸುತ್ತಿ 1980ಕ್ಕೆ ಹಾರ್ತಾರ. ನಾನೂ ಹಂಗ ಹಾರಿದ್ದೆ. ಕಾಕಾಗ ಓದಿ ಹೇಳಿದಾಗ ನಕ್ಕರು. "ಯಾವ ಕಾರ್ಯಾಚರಣೆಲೇ? ಅವಾಗ ಅದು ನಿಂತಿತ್ತು" ಅಂದ್ರು. ಅವರು ಸೇರಿದ್ದು ಅದಕ್ಕಿಂತ ಭಾಳ ತಡವಾಗಿ, ಆದ್ರ ಹಳೇ ಚೀಫ್‌ಗಳು (ಹಿರಿಯ ಸೇಲರುಗಳು) ಹೇಳಿದ್ದು ನೆನಪಿತ್ತು. ಆಮೇಲೆ ಹುಡುಕಿದ್ರ ಹೌದು, ಆ ಐದು ವರ್ಷ ಕುರ್ಸುರಾವನ್ನ ನಿಲ್ಲಿಸಿ, ಅದರ ಸಾಮಾನು ಬಿಚ್ಚಿ ಉಳಿದ ಮೂರು ಅಣ್ಣತಮ್ಮಂದಿರಿಗೆ (ಹಳೇ ಕಲ್ವರಿ, ಖಂದೇರಿ, ಕರಂಜ್) ಹಾಕಿ ಅವನ್ನ ಓಡಿಸ್ಯಾರ. ಸೋವಿಯತ್ತಿನಿಂದ ಸ್ಪೇರ್ ಹೊತ್ತಿಗೆ ಸರಿಯಾಗಿ ಬರ್ತಿರಲಿಲ್ಲ. ಆಮೇಲೆ 1980ರ ಸೆಪ್ಟೆಂಬರಿನಿಂದ 1982ರ ಏಪ್ರಿಲ್ ತನಕ ದೊಡ್ಡ ರಿಫಿಟ್, ಅಂದ್ರ ಬಿಚ್ಚಿ ಪೂರ್ತಿ ರಿಪೇರಿ.

ಇದು ಗಂಗಾವತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಹೊತ್ತಿನ್ಯಾಗ ನಾಲ್ಕು ಹಾರ್ವೆಸ್ಟರ್ ಇದ್ದವ ಏನು ಮಾಡ್ತಾನ, ಸಾಮಾನು ಸಿಗದಿದ್ರ ಒಂದನ್ನ ಶೆಡ್ಡಿನ್ಯಾಗ ನಿಲ್ಲಿಸಿ ಅದರ ಬೆಲ್ಟು ಬೇರಿಂಗು ಬಿಚ್ಚಿ ಉಳಿದ ಮೂರಕ್ಕ ಹಾಕ್ತಾನ. ನಿಂತ ಗಾಡಿ ದುಡಿಲಿಲ್ಲ ಅಂತೀರೇನು? ಆ ಐದು ವರ್ಷದ ಕುರ್ಸುರಾದ ಸರ್ವಿಸು ಉಳಿದ ಬೋಟುಗಳ ಹೊಟ್ಟ್ಯಾಗ ಐತಿ. ಹಂಗಾಗಿ ನಾ ಆ ಪುಟಗಳನ್ನ ಹರಿದು ಹಾಕಲಿಲ್ಲ, "ನಿಂತಿತ್ತು, ಸಾಮಾನು ಬ್ಯಾರೆ ಬೋಟಿಗೆ" ಅಂತ ಬರೆದಿಟ್ಟೆ. ಇಡೀ ಹಿಸ್ಟರಿಯಾಗ ನನಗ ಜಾಸ್ತಿ ಖರೆ ಅನಿಸಿದ್ದು ಆ ಪುಟಗಳ. ನಿಮ್ಮ ಕಿರ್ದಿಯಾಗ ಖಾಲಿ ಪುಟ ಬಂದಾಗ ಮುಚ್ಚಬ್ಯಾಡ್ರಿ, ಯಾಕ ಖಾಲಿ ಅಂತ ಕೇಳ್ರಿ. ರಿಫಿಟ್ಟೋ, ಅಪಘಾತವೋ, ಸ್ಪೇರ್ ಇಲ್ಲವೋ, ಇಲ್ಲಾ ಹೇಳಬಾರದ ಕೆಲಸಕ್ಕ ಹೋಗಿತ್ತೋ. ನಾಲ್ಕೂ ಬ್ಯಾರೆ ಬ್ಯಾರೆ.

ಅಂಕಿ-ಸಂಖ್ಯೆ ಬಗ್ಗೆ ಎರಡು ಮಾತು, ಜಾಸ್ತಿ ಇಲ್ಲ. ಮೈಲು ಅಂದ್ರ ನಾಟಿಕಲ್ ಮೈಲು, 1.852 ಕಿಲೋಮೀಟರ್. ಕುರ್ಸುರಾ ಒಟ್ಟು ಓಡಿದ್ದು 73,500 ನಾಟಿಕಲ್ ಮೈಲು, ಅಂದ್ರ ಹೆಚ್ಚುಕಮ್ಮಿ 1 ಲಕ್ಷ 36 ಸಾವಿರ ಕಿಲೋಮೀಟರ್. ಭತ್ತ ಹೊತ್ತು ಓಡೋ ಲಾರಿ ಅಷ್ಟು ದೂರ ಎರಡು ವರ್ಷದಾಗ ಓಡೀತು, ಆದ್ರ ಅದು ನೀರೊಳಗ ಉಸಿರು ಹಿಡ್ಕೊಂಡು ಓಡೋದಿಲ್ಲ. ತೂಕ ಬರೆಯೋವಾಗ ನೀರಿನ ಮ್ಯಾಲೆ 1,950 ಟನ್, ಮುಳುಗಿದಾಗ 2,475 ಟನ್, ಎರಡೂ ಸರಿ, ಯಾವಾಗಿನದು ಅಂತ ಬರೀಬೇಕು ಅಷ್ಟ. ಉದ್ದ 91.3 ಮೀಟರ್, ನಮ್ಮ ಮಿಲ್ಲಿನ ಮುಂದ ಒಂಬತ್ತು ಲಾರಿ ಸಾಲಾಗಿ ನಿಂತಷ್ಟು. ಅದರಾಗ 75 ಜನ. ಈ ಜಾತಿ ಬೋಟು 250 ಮೀಟರ್ ಆಳದ ತನಕ ಹೋಗ್ತಿತ್ತು. ಮುನಿರಾಬಾದಿನ ತುಂಗಭದ್ರಾ ಡ್ಯಾಂ ಎತ್ತರ ಹತ್ತಿರ ಹತ್ತಿರ 49 ಮೀಟರ್, ಅದರ ಐದು ಪಟ್ಟು. ಹತ್ತು ಮೀಟರಿಗೆ ಒಂದು ಚದರ ಸೆಂಟಿಮೀಟರ್ ಮ್ಯಾಲೆ ಒಂದು ಕೇಜಿ ಭಾರ ಕೂಡ್ತಾ ಹೋಗ್ತೈತಿ, 250 ಮೀಟರಿಗೆ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮ್ಯಾಲೆ 25 ಕೇಜಿ ಅಕ್ಕಿ ಚೀಲ ಇಟ್ಟಂಗ. 2024 ಆಗಸ್ಟಿನ್ಯಾಗ ಡ್ಯಾಂನ 19ನೇ ಗೇಟು ಚೈನು ಕಡಿದು ಕೊಚ್ಚಿಹೋದಾಗ ನೀರಿನ ತಾಕತ್ತು ಏನಂತ ನಾವೆಲ್ಲಾ ನೋಡೀವಿ, ಸಬ್‌ಮರೀನಿನವರು ದಿನಾ ಅದರ ನಡುವ ಮಲಗ್ತಿದ್ರು.

ಹಿರಿಯರನ್ನ ಮಾತಾಡಿಸೋದು ಈ ಕೆಲಸದಾಗ ಭಾಳ ಚೊಲೋ ಭಾಗ, ಭಾಳ ಕಷ್ಟದ್ದೂ ಅದ. "ಕಾಕಾ ನೀವು ಎಲ್ಲೆಲ್ಲಿ ಹೋಗಿದ್ರಿ" ಅಂತ ಕೇಳಿದ್ರ ಒಂದ ಮಾತು, "ಸಮುದ್ರಕ್ಕ". ಅಷ್ಟ. ಅವರು ಸಹಿ ಮಾಡಿ ಬಂದಿರ್ತಾರ, ಆಫೀಶಿಯಲ್ ಸೀಕ್ರೆಟ್ಸ್ ಆ್ಯಕ್ಟ್ ರಿಟೈರ್ ಆದಮ್ಯಾಲೂ ಬಿಡೋದಿಲ್ಲ. ಒತ್ತಾಯ ಮಾಡಬ್ಯಾಡ್ರಿ, ಅದು ಅವರ ಮರ್ಯಾದಿ. ಈಗ ಸರ್ವಿಸಿನ್ಯಾಗಿರೋ ಬೋಟು ಎಲ್ಲೈತಿ, ಯಾವಾಗ ಹೊಂಟೈತಿ, ನಿಮ್ಮ ತಮ್ಮನ ಮಗ ಫೋನಿನ್ಯಾಗ ಬಾಯಿ ತಪ್ಪಿ ಹೇಳಿದ್ರೂ ಬರೀಬ್ಯಾಡ್ರಿ, ವಾಟ್ಸಾಪಿಗೂ ಹಾಕಬ್ಯಾಡ್ರಿ. ಎಲ್ಲಿ ಅನ್ನೋದು ಬಿಟ್ಟು ಹೆಂಗ ಅಂತ ಕೇಳ್ರಿ. ಹೆಂಗ ಮಲಗ್ತಿದ್ರಿ, ಏನು ಉಣ್ತಿದ್ರಿ, ಜಳಕ ಹೆಂಗ. ಆವಾಗ ನೋಡ್ರಿ ಹೊಳಿ ಬಂದಂಗ ಮಾತು ಬರ್ತೈತಿ. ಒಬ್ಬ ಡ್ಯೂಟಿಗೆ ಎದ್ದು ಹೋದ್ರ ಅವನ ಬಿಸಿ ಹಾಸಿಗ್ಯಾಗ ಇನ್ನೊಬ್ಬ ಮಲಗೋದು, ಕುಡಿಯೋ ನೀರು ಕಾಪಾಡೋಕ ಜಳಕ ಇಲ್ಲ, ದಿನಗಟ್ಟಲೆ ಡೀಸೆಲ್ ವಾಸನಿ, ರಜಾಕ್ಕ ಬಂದಾಗ ನಮ್ಮ ಅಜ್ಜಿ ಬಾಗಿಲದಾಗ ನಿಲ್ಲಿಸಿ ಮೊದ್ಲ ಅರಬಿ ತೆಗೀ ಅಂತಿದ್ಲಂತ.

ಕಾಕಾನ ಕೆಲಸ ಬ್ಯಾಟರಿ. ಡೀಸೆಲ್ ಇಂಜಿನ್ನಿಗೆ ಗಾಳಿ ಬೇಕು, ಹಂಗಾಗಿ ನೀರೊಳಗ ಪೂರ್ತಿ ಮುಳುಗಿದಾಗ ಬೋಟು ಓಡೋದು ಬ್ಯಾಟರಿ ಮ್ಯಾಲೆ. ಈ ಬೋಟಿನ್ಯಾಗ 448 ಸೆಲ್ಲು, 112ರ ನಾಲ್ಕು ಗುಂಪು. ಚಾರ್ಜ್ ಮಾಡೋವಾಗ ಹೈಡ್ರೋಜನ್ ಬರ್ತೈತಿ, ಗಾಳಿಯಾಗ ಅದು ನೂರಕ್ಕ ನಾಲ್ಕು ಭಾಗ ಮುಟ್ಟಿದ್ರ ಒಂದು ಕಿಡಿ ಸಾಕು. ಹಂಗಾಗಿ ಸೆಲ್ಲಿನ ನೀರು, ಆಸಿಡ್ಡು, ಗ್ಯಾಸಿನ ಅಳತಿ ದಿನಾ ನೋಡಬೇಕು, ಸೆಲ್ಲುಗಳ ಮ್ಯಾಲೆ ಬೋರಲಾಗಿ ಮಲಕ್ಕೊಂಡು ತೆವಳೋ ಅಷ್ಟ ಜಾಗ. ಒಂದಿನ ಟ್ರಂಕಿನ್ಯಾಗಿಂದ ಒಂದು ಹಳೇ ನೀಲಿ ಅಂಗಿ ತೆಗೆದು ತೋರಿಸಿದ್ರು, ಮೊಳಕೈ ಹತ್ತಿರ, ಹೊಟ್ಟಿ ಮ್ಯಾಲೆ ಸಣ್ಣ ಸಣ್ಣ ತೂತು, ಇಲಿ ಕಡಿದಂಗ. "ಇಲಿ ಅಲ್ಲಲೇ, ಆಸಿಡ್" ಅಂದ್ರು. "ಹನಿ ಬಿದ್ದಾಗ ಗೊತ್ತಾಗೋದಿಲ್ಲ. ಒಗೆದು ಒಣಹಾಕಿದಾಗ ತೂತು ಕಾಣ್ತೈತಿ." ಯಾವ ದಾಖಲೆಯಾಗೂ ಇಲ್ಲದ್ದು ಇದು. ಕಿರ್ದಿಗೆ ತಾರೀಖು ಇರಲಿಲ್ಲ, ಪುಸ್ತಕದ ಕಡೀ ಪುಟದಾಗ ಬರ್ಕೊಂಡೆ. ಅಂಗಿ ಕೇಳಿದೆ, ಕೊಡಲಿಲ್ಲ.

ಇನ್ನೊಂದು, ಹಿರಿಯರು ತಾರೀಖು ಹೇಳೋದು ನಮ್ಮ ಲೆಕ್ಕದಾಗ ಅಲ್ಲ. ಜಾತ್ರಿ, ಮಳಿ, ಮದುವಿ ಹಿಡಿದು ಹೇಳ್ತಾರ. "ಯಾವ ವರ್ಷ" ಅಂದ್ರ ತಡಕಾಡ್ತಾರ, "ಜಾತ್ರಿಗೆ ಮೊದ್ಲೋ ಆಮೇಲೋ" ಅಂದ್ರ ಥಟ್ಟನ ಹೇಳ್ತಾರ. ಕಾಕಾ ಒಂದಿನ, "ಆ ವರ್ಷ ಗವಿಮಠದ ಜಾತ್ರಿಗೆ ರಜಾ ಸಿಗಲಿಲ್ಲ, ಜಾತ್ರಿ ಆಗಿ ತಿಂಗಳಿಗೆ ವೈಜಾಗ್‌ಕ್ಕ ನ್ಯೂಕ್ಲಿಯರ್ ಬೋಟು ಬಂತು, ಎಲ್ಲಾರನ್ನೂ ಹಿಡಿದಿಟ್ಟಿದ್ರು" ಅಂದ್ರು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರಿ ಪುಷ್ಯ ಹುಣ್ಣಿಮಿ ಆದಮ್ಯಾಲೆ, ಜನವರಿ ಆಸುಪಾಸು. ಮೊದಲನೇ ಚಕ್ರ ವೈಜಾಗ್ ಮುಟ್ಟಿದ್ದು 1988 ಫೆಬ್ರವರಿ. ಆ ವರ್ಷದ ಪಂಚಾಂಗ ಹುಡುಕಿ ನೋಡಿದ್ರ ಪುಷ್ಯ ಹುಣ್ಣಿಮಿ ಜನವರಿ ಮೊದಲ ವಾರದಾಗ. ಕೂಡ್ತಲ್ಲ! ಮೂವತ್ತೇಳು ವರ್ಷದ ಹಿಂದಿನ ನೆನಪು, ವಾರದ ತಪ್ಪಿಲ್ಲ. ನೆನಪನ್ನ ಹಗುರ ಮಾಡಬ್ಯಾಡ್ರಿ, ಹಂಗಂತ ತಾಳೆ ನೋಡದ ಬರೀಬ್ಯಾಡ್ರಿ.

ಕಡೀಗೆ ಬೋಟನ್ನ ಕಣ್ಣಾರೆ ನೋಡೋ ಅವಕಾಶ ಇದ್ರ ನೋಡಿ ಬರ್ರಿ. ಕುರ್ಸುರಾ ವೈಜಾಗಿನ ಆರ್‌ಕೆ ಬೀಚಿನ್ಯಾಗ 2002 ಆಗಸ್ಟಿನಿಂದ ಮ್ಯೂಸಿಯಂ, ನಮ್ಮ ಕಡಿಂದ ಬಳ್ಳಾರಿ-ಗುಂತಕಲ್ ಮ್ಯಾಲೆ ವಿಜಯವಾಡಕ್ಕ ಹೋಗಿ ಅಲ್ಲಿಂದ ಟ್ರೇನು. ಸೋಮವಾರ ಬಂದ್ ಇರ್ತೈತಿ, ನಾವು ಮುಟ್ಟಿದ್ದು ಸೋಮವಾರನ, ಒಂದಿನ ಲಾಡ್ಜಿನ ಖರ್ಚು ಸುಮ್ನ ಹೋತು. ಒಳಗ ಹೋದಮ್ಯಾಲೆ ಸೆಲ್ಫಿ ಆಮೇಲೆ, ಮೊದ್ಲ ಎಣಿಸ್ರಿ. ಮುಂದ ಆರು ಟಾರ್ಪಿಡೋ ಟ್ಯೂಬು, ಹಿಂದ ನಾಲ್ಕು, ಒಟ್ಟು 22 ಟಾರ್ಪಿಡೋ ಹೊರೋ ಲೆಕ್ಕ. ಏಳು ಕಂಪಾರ್ಟ್‌ಮೆಂಟು, ನಡುವ ದುಂಡನ ಬಾಗಿಲು, ಮೊದ್ಲ ಕಾಲು ಹಾಕಬೇಕೋ ತಲಿ ಹಾಕಬೇಕೋ ಅಂತ ಗೊತ್ತಾಗೋದಿಲ್ಲ, ನನ್ನ ಹೊಟ್ಟಿ ಎರಡು ಕಡೆ ಸಿಕ್ಕೊಂತು. ಅಲ್ಲಿ ತೋರಿಸೋರು ರಿಟೈರ್ ಆದ ನೇವಿ ಮಂದಿನ, ಅವರ ಜೊತಿ ನಿಂತು ಮಾತಾಡ್ರಿ, ಹಿಂದಿನ ಸಾಲಿನವರು ದಬ್ಬತಾರ, ದಬ್ಬಲಿ ಬಿಡ್ರಿ. ರಸ್ತೆ ದಾಟಿದ್ರ ಟಿಯು-142 ವಿಮಾನದ ಮ್ಯೂಸಿಯಂ, ಸಬ್‌ಮರೀನ್ ಹುಡುಕಿ ಹೊಡೆಯೋ ವಿಮಾನ ಅದು. ಬೆಕ್ಕು ಇಲಿ ಎದುರಾ ಬದುರಾ.

ಬೋಟಿನ ಅಂತ್ಯನೂ ಬರೀಬೇಕು, ಡಿಕಮಿಷನ್ ತಾರೀಖಿಗೆ ನಿಲ್ಲಿಸಬ್ಯಾಡ್ರಿ. ಎಲ್ಲಾ ಬೋಟಿಗೂ ಮ್ಯೂಸಿಯಂ ಭಾಗ್ಯ ಇರೋದಿಲ್ಲ. ಐಎನ್‌ಎಸ್ ಸಿಂಧುರಕ್ಷಕ್ ರಷ್ಯಾದಾಗ ದೊಡ್ಡ ರಿಫಿಟ್ ಮುಗಿಸಿ ಬಂದು ಸ್ವಲ್ಪ ದಿನಕ್ಕ, 2013 ಆಗಸ್ಟ್ 14ರ ನಡುರಾತ್ರಿ ಮುಂಬೈ ಡಾಕ್‌ಯಾರ್ಡಿನ್ಯಾಗ ಸಿಡಿದು ಮುಳುಗ್ತು, 18 ಜನ ಹೋದರು. 2014ರಾಗ ಮ್ಯಾಲೆ ಎತ್ತಿ, 2017ರಾಗ ಸಮುದ್ರದಾಗ ಮುಳುಗಿಸಿಬಿಟ್ರು. ಆ ಬೋಟಿನ ಹಿಸ್ಟರಿ ಬರೆಯೋರು ಅಲ್ಲಿತನಕ ಹೋಗಬೇಕು.

ಎಲ್ಲಾ ಮುಗಿದಮ್ಯಾಲೆ ಕಿರ್ದಿ ನೋಡ್ಕೊಂಡು ಕಥಿ ಬರೀರಿ, ದೊಡ್ಡ ಅಕ್ಷರದಾಗ ಪ್ರಿಂಟ್ ತೆಗೆದು, ಸಾಲಿನ ನಡುವ ಜಾಗ ಬಿಟ್ಟು, ಪೆನ್ಸಿಲ್ ಜೊತಿ ಹಿರಿಯರ ಕೈಯಾಗ ಕೊಡ್ರಿ. ಪೆನ್ ಕೊಡಬ್ಯಾಡ್ರಿ, ಪೆನ್ನಿದ್ರ ತಿದ್ದೋಕ ಹಿಂಜರೀತಾರ. ಕಾಕಾ ಎಂಟು ದಿನ ಇಟ್ಕೊಂಡು ವಾಪಸ್ ಕೊಟ್ರು. ನಾ ಹಡಗು ಅಂತ ಬರೆದ ಕಡೆ ಎಲ್ಲಾ ಹೊಡೆದು ಬೋಟು ಅಂತ ಬರೆದಿದ್ರು, ಸಬ್‌ಮರೀನಿನವರು ಹಡಗು ಅನ್ನೋದಿಲ್ಲಂತ. 1975ರಿಂದ 1980ರ ಪುಟಕ್ಕ ಒಂದು ಸಣ್ಣ ರೈಟ್ ಮಾರ್ಕು. ಕಡೀಗೆ 2002, ಮ್ಯೂಸಿಯಂ ಅಂತ ಇದ್ದ ಸಾಲಿನ ಕೆಳಗ ಪೆನ್ಸಿಲಿನ್ಯಾಗ ಸಣ್ಣಗ ಬರೆದಿದ್ರು: "2009 ಮೇ. ಹೋಗಿದ್ದೆ. ಟಿಕೆಟ್ ತಗೋ ಅಂದ್ರು. ತಗೊಂಡೆ."

ನಮ್ಮ ಮನ್ಯಾಗ ಯಾರಿಗೂ ಗೊತ್ತಿರಲಿಲ್ಲ ಅದು. ಹಂಗ ಕಿರ್ದಿಗೆ ಹತ್ತಿಸಿದೆ, ನಾಲ್ಕನೇ ಕಾಲಂನ್ಯಾಗ ಕಾಕಾ ಅಂತ ಹಾಕಿ.